ಅಮ್ಮನಿಗೆ ಜೀರೋ ಬ್ಯಾಲೆನ್ಸ್ ಖಾತೆ ಕೊಡಲ್ಲ ಅಂದರು, ಬ್ಯಾಂಕ್ ಹೀಗೆ ಹೇಳಬಹುದಾ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಬೇಲೂರು ಕಡೆಯ ಹಳ್ಳಿ. ಅಮ್ಮ ಕೂಲಿಗೆ ಹೋಗುತ್ತಾರೆ. ಗೃಹಲಕ್ಷ್ಮಿಯ 2000 ರೂಪಾಯಿ ಬೀಳಲು ಒಂದು ಖಾತೆ ಬೇಕು. ಬ್ಯಾಂಕಿಗೆ ಹೋದರೆ, ಜೀರೋ ಬ್ಯಾಲೆನ್ಸ್ ನಮ್ಮಲ್ಲಿಲ್ಲ, ದುಡ್ಡು ಕಟ್ಟಿ, ಜೊತೆಗೆ ಒಂದು ಇನ್ಶೂರೆನ್ಸ್ ಮಾಡಿಸಿ, ಆಗಲ್ಲ ಅಂದರೆ ನಿಮ್ಮೂರಿಗೆ ಸೇರಿದ ಬ್ರಾಂಚಿಗೆ ಹೋಗಿ ಅಂದರಂತೆ. ಎರಡು ಸಲ ಬರಿಗೈಲಿ ವಾಪಸ್ ಬಂದಿದ್ದೀರಿ.

ಹಾಗೆ ಹೇಳುವ ಹಾಗಿಲ್ಲ. ಆದರೆ ನಿಯಮ ನಿಮ್ಮ ಕಡೆ ಇದ್ದರೆ ಮಾತ್ರ ಸಾಲದು. ಕೌಂಟರಿನಲ್ಲಿ ಬಾಯಿಮಾತಲ್ಲಿ ‘ಇಲ್ಲ’ ಅಂದರೆ ಅದಕ್ಕೆ ದಾಖಲೆ ಇರುವುದಿಲ್ಲ. ನಾಳೆ ಮೇಲಿನವರು ಕೇಳಿದರೆ ‘ಅವರು ಬಂದೇ ಇಲ್ಲ’ ಅಂದುಬಿಟ್ಟರೆ ಮುಗಿಯಿತು. ಆ ‘ಇಲ್ಲ’ವನ್ನು ಕಾಗದಕ್ಕೆ ತರಿಸಬೇಕು. ಇದನ್ನು ನಾನು ಕಲಿತದ್ದು ಮೂರು ಸಲ ಓಡಾಡಿದ ಮೇಲೆ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ ಅಂದರೆ ಹಾಜರಿ ಪುಸ್ತಕ ಬರೆಯುವುದು, ಬಟವಾಡೆ ಮಾಡುವುದು ನನ್ನ ಕೆಲಸ. ನಮ್ಮ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲಿ, ಒಬ್ಬ ಅಕ್ಕ ಇದ್ದಾರೆ. ಐವತ್ತು ದಾಟಿದೆ. ಚಿತ್ರದುರ್ಗದ ಕಡೆಯಿಂದ ಬಂದು ಇಪ್ಪತ್ತು ವರ್ಷದ ಮೇಲಾಯಿತು. 2024ರ ಶುರುವಿನಲ್ಲಿ, ಹಣ್ಣು ಕುಯ್ಲು ಇಳಿಯುತ್ತಿದ್ದ ಹೊತ್ತಿನಲ್ಲಿ, ಅವರನ್ನು ಹತ್ತಿರದ ಪೇಟೆಯ ಒಂದು ಬ್ಯಾಂಕಿಗೆ ಕರೆದುಕೊಂಡು ಹೋದೆ. ಬ್ಯಾಂಕಿನ ಹೆಸರು ಬೇಡ.

ಕೌಂಟರಿನಲ್ಲಿದ್ದವರು ಬೆರಳಚ್ಚಿನ ಮೆಷಿನ್ ಮುಂದಕ್ಕೆ ತಳ್ಳಿದರು. ಅಕ್ಕ ಹೆಬ್ಬೆರಳು ಇಟ್ಟರು. ಕೆಂಪು ದೀಪ. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟರು. ಕೆಂಪು. ಒಂದೊಂದಾಗಿ ಹತ್ತು ಬೆರಳೂ ಆಯಿತು. ಕಾಫಿ ಹಣ್ಣು ಕುಯ್ದ ಕೈ ನೋಡಿದ್ದೀರಲ್ವಾ? ಸೀಸನ್ ಮುಗಿಯುವ ಹೊತ್ತಿಗೆ ಬೆರಳ ತುದಿಯೆಲ್ಲ ಕಪ್ಪಾಗಿರುತ್ತದೆ. ಸೋಪು ಹಾಕಿ ತಿಕ್ಕಿದರೂ ಆ ಕರೆ ಹೋಗುವುದಿಲ್ಲ. ಎಷ್ಟೋ ಜನರ ಬೆರಳಿನ ಗೆರೆಗಳೇ ಸವೆದು ನುಣ್ಣಗಾಗಿರುತ್ತವೆ. ‘ಬೆರಳು ಬರ್ತಿಲ್ಲ ಕಣಮ್ಮ, ಆಗಲ್ಲ’ ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಕ್ಕ ಎರಡೂ ಅಂಗೈ ಬಿಡಿಸಿ ತೋರಿಸಿದರು. ‘ರೈಟ್ರೇ, ನನ್ ಕೈ ಸರಿ ಇಲ್ವಾ?’ ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಎರಡನೇ ಸಲ ಹೋದಾಗ ಬೇರೆ ಕಾರಣ. ಆಧಾರ್‌ನಲ್ಲಿ ವಿಳಾಸ ಬೇರೆ ಜಿಲ್ಲೆಯದು, ಅಲ್ಲೇ ಹೋಗಿ ಮಾಡಿಸಿ ಅಂದರು. ಎರಡು ದಿನದ ಹಾಜರಿ ಹೋಯಿತು, ಬಸ್ಸಿನ ಖರ್ಚು ಬೇರೆ.

ಆ ರಾತ್ರಿ ಕೂತು ರಿಸರ್ವ್ ಬ್ಯಾಂಕಿನ ನಿಯಮ ಹುಡುಕಿ ಓದಿದೆ. ಗೊತ್ತಾಗಿದ್ದನ್ನು ಹೇಳುತ್ತೇನೆ.

ನೀವು ಕೇಳುತ್ತಿರುವ ಖಾತೆಗೆ ಒಂದು ಸರಿಯಾದ ಹೆಸರಿದೆ: ಬೇಸಿಕ್ ಸೇವಿಂಗ್ಸ್ ಬ್ಯಾಂಕ್ ಡೆಪಾಸಿಟ್ ಅಕೌಂಟ್. ಬ್ಯಾಂಕಿನವರು ಬಿಎಸ್‌ಬಿಡಿ ಅನ್ನುತ್ತಾರೆ. 2012ರ ಆಗಸ್ಟ್ 10ರಂದು ರಿಸರ್ವ್ ಬ್ಯಾಂಕ್ ಇದರ ಸುತ್ತೋಲೆ ಹೊರಡಿಸಿತು. ಇದರಲ್ಲಿ ಕನಿಷ್ಠ ಬ್ಯಾಲೆನ್ಸ್ ಇಡಬೇಕಾಗಿಲ್ಲ. ದುಡ್ಡು ಎಷ್ಟು ಸಲ ಬೇಕಾದರೂ ಹಾಕಬಹುದು. ತಿಂಗಳಿಗೆ ಕಡಿಮೆ ಅಂದರೂ ನಾಲ್ಕು ಸಲ ತೆಗೆಯಬಹುದು, ಎಟಿಎಂ ಕಾರ್ಡಿಗೆ ದುಡ್ಡು ಕಟ್ಟಬೇಕಾಗಿಲ್ಲ. ಇದು ಬಡವರಿಗೆ ಅಂತ ಬ್ಯಾಂಕ್ ತೋರುವ ಕರುಣೆಯೂ ಅಲ್ಲ. ಯಾರು ಕೇಳಿದರೂ ಕೊಡಬೇಕಾದ ಮಾಮೂಲಿ ಸೇವೆ ಅಂತಲೇ ರಿಸರ್ವ್ ಬ್ಯಾಂಕ್ ಹೇಳಿದೆ. 2014ರ ಆಗಸ್ಟಿನಲ್ಲಿ ಶುರುವಾದ ಜನಧನ್ ಖಾತೆಯೂ ಇದೇ ಜಾತಿಯದು, ರೂಪೇ ಕಾರ್ಡು, ಅಪಘಾತ ವಿಮೆ ಸೇರಿಕೊಂಡಿವೆ ಅಷ್ಟೇ. ಹಾಗಾಗಿ ‘ಜನಧನ್ ಕೋಟಾ ಮುಗಿದಿದೆ’ ಅಂದರೆ ನಂಬಬೇಡಿ. ‘ಬಿಎಸ್‌ಬಿಡಿ ಖಾತೆ ಬೇಕು’ ಅಂತ ಹೆಸರು ಹಿಡಿದೇ ಕೇಳಿ. ‘ಜೀರೋ ಬ್ಯಾಲೆನ್ಸ್’ ಅಂದರೆ ಬೇರೆ ಯಾವುದೋ ಸ್ಕೀಮಿನ ಕಡೆ ಮಾತು ತಿರುಗುತ್ತದೆ.

ಬೆರಳಿನ ವಿಷಯಕ್ಕೂ ದಾರಿ ಇದೆ. ಗಾಯ, ಕಾಯಿಲೆ, ಮುಪ್ಪು ಅಥವಾ ಅಂಥದ್ದೇ ಕಾರಣಕ್ಕೆ ಆಧಾರ್ ಬೆರಳಚ್ಚು ಬಾರದಿದ್ದರೆ, ಅಧಿಕಾರಿಯೇ ಕೂತು ಕಾರ್ಡು ನೋಡಿ ಅಥವಾ ಬೇರೆ ಗುರುತಿನ ಚೀಟಿ ತೆಗೆದುಕೊಂಡು ಖಾತೆ ಮಾಡಬೇಕು ಅಂತ ಕೆವೈಸಿ, ಅಂದರೆ ಗ್ರಾಹಕರ ಗುರುತು ಪರಿಶೀಲಿಸುವ ನಿಯಮದಲ್ಲೇ ಇದೆ. ವೋಟರ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್ ಎಲ್ಲವೂ ನಡೆಯುತ್ತವೆ. ನಮ್ಮ ಅಕ್ಕನ ವೋಟರ್ ಕಾರ್ಡಿನಲ್ಲಿ ಲೈನ್ ಮನೆಯ ವಿಳಾಸವೇ ಇತ್ತು. ಅದನ್ನು ಮೊದಲ ಎರಡು ಸಲ ಯಾರೂ ಕೇಳಿರಲೇ ಇಲ್ಲ. ನಾವೂ ತೆಗೆದುಕೊಂಡು ಹೋಗಿರಲಿಲ್ಲ.

ಮೂರನೇ ಸಲ ಹೋಗುವಾಗ ಕನ್ನಡದಲ್ಲಿ ಒಂದು ಅರ್ಜಿ ಬರೆದೆ. ಎರಡು ಪ್ರತಿ. ಅದರಲ್ಲಿ ಹೆಚ್ಚೇನೂ ಇರಲಿಲ್ಲ: ‘ನನಗೆ ನಿಮ್ಮ ಶಾಖೆಯಲ್ಲಿ ಬೇಸಿಕ್ ಸೇವಿಂಗ್ಸ್ ಬ್ಯಾಂಕ್ ಡೆಪಾಸಿಟ್ ಖಾತೆ ಬೇಕು. ಈ ಬ್ಯಾಂಕಿನಲ್ಲಿ ನನಗೆ ಬೇರೆ ಉಳಿತಾಯ ಖಾತೆ ಇಲ್ಲ. ಆಧಾರ್ ಮತ್ತು ವೋಟರ್ ಕಾರ್ಡಿನ ನಕಲು ಲಗತ್ತಿಸಿದ್ದೇನೆ, ಮೂಲ ಪ್ರತಿ ತಂದಿದ್ದೇನೆ. ನನ್ನ ಬೆರಳಚ್ಚು ಮೆಷಿನ್‌ನಲ್ಲಿ ಬರುತ್ತಿಲ್ಲ, ದಯವಿಟ್ಟು ಕಾರ್ಡು ನೋಡಿ ಪರಿಶೀಲಿಸಿ. ಖಾತೆ ಕೊಡಲು ಆಗದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ.’ ಕೆಳಗೆ ಅಕ್ಕನ ಹೆಬ್ಬೆಟ್ಟು.

ಕೌಂಟರ್ ಬಿಟ್ಟು ಸೀದಾ ಮ್ಯಾನೇಜರ್ ಹತ್ತಿರ ಹೋದೆವು. ಒಂದು ಪ್ರತಿ ಕೊಟ್ಟು, ಇನ್ನೊಂದಕ್ಕೆ ಸೀಲ್ ಮತ್ತು ತಾರೀಖು ಹಾಕಿಕೊಡಿ ಅಂದೆ. ‘ಇದಕ್ಕೆಲ್ಲ ಸೀಲ್ ಯಾಕ್ರೀ?’ ಅಂದರು. ‘ಅಕ್ಕ ಮೂರನೇ ಸಲ ಬರ್ತಿದ್ದಾರೆ ಸಾರ್, ಬಂದಿದ್ದಕ್ಕೆ ಗುರುತು ಬೇಕು’ ಅಂದೆ. ಅವರು ಕೊನೆಯ ಸಾಲನ್ನು ಎರಡು ಸಲ ಓದಿದರು. ಆಮೇಲೆ ಒಬ್ಬ ಆಫೀಸರನ್ನು ಕರೆದು ‘ವೋಟರ್ ಕಾರ್ಡ್ ಮೇಲೆ ಮಾಡ್ಕೊಡಿ’ ಅಂದರು. ಜಗಳವಿಲ್ಲ, ಕೂಗಾಟವಿಲ್ಲ. ಅದೇ ವಾರ ಪಾಸ್‌ಬುಕ್ ಕೈಗೆ ಬಂತು.

ಆ ಮ್ಯಾನೇಜರ್ ಕೆಟ್ಟವರೇನಲ್ಲ. ಅಲ್ಲಿ ಜನ ಜಾಸ್ತಿ, ಸಿಬ್ಬಂದಿ ಕಮ್ಮಿ, ಮೇಲಿಂದ ಇನ್ಶೂರೆನ್ಸ್ ಟಾರ್ಗೆಟ್ ಬೇರೆ. ಆದರೆ ಆ ಕಷ್ಟದ ಭಾರವನ್ನು ದಿನಗೂಲಿಯ ಹೆಂಗಸಿನ ತಲೆ ಮೇಲೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಆಗ ಇಲ್ಲದ ಒಂದು ಬಲ ಈಗ ನಿಮಗಿದೆ. ಆಸಿಡ್ ದಾಳಿಗೆ ಒಳಗಾದವರು, ಕಣ್ಣು ಕಾಣದವರು, ಆನ್‌ಲೈನ್ ಕೆವೈಸಿಯಲ್ಲಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂತಾರೆ, ನಾವು ಹೇಗೆ ಮಾಡುವುದು ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2025ರ ಏಪ್ರಿಲ್ 30ರಂದು ಅವರ ಪರ ತೀರ್ಪು ಬಂತು. ಅದಾದ ಮೇಲೆ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಕೆವೈಸಿ ನಿಯಮ ತಿದ್ದಿತು. ವಿಚಾರ ಮಾಡದೆ ಯಾರ ಅರ್ಜಿಯನ್ನೂ ತಿರಸ್ಕರಿಸುವ ಹಾಗಿಲ್ಲ, ತಿರಸ್ಕರಿಸಿದರೆ ಕಾರಣವನ್ನು ಅಧಿಕಾರಿ ದಾಖಲು ಮಾಡಬೇಕು ಅಂತ ಸೇರಿಸಿತು. ನಿಮ್ಮ ಅರ್ಜಿಯಲ್ಲಿ ಈ ಮಾತನ್ನು ಒಂದು ಸಾಲಿನಲ್ಲಿ ಬರೆಯಿರಿ.

ಈಗ ನಿಮಗೆ ಹೇಳಿದ ಕಾರಣಗಳಿಗೆ ಬರುತ್ತೇನೆ. ಇನ್ಶೂರೆನ್ಸ್ ಕಡ್ಡಾಯ ಅಲ್ಲ. ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ ಅನ್ನುವ ಜೀವ ವಿಮೆ, 20 ರೂಪಾಯಿಯ ಸುರಕ್ಷಾ ಬಿಮಾ ಅನ್ನುವ ಅಪಘಾತ ವಿಮೆ, ಎರಡೂ ನಿಮ್ಮ ಇಷ್ಟ. 20 ರೂಪಾಯಿಯದನ್ನು ಮಾಡಿಸಿ ಅಂತ ನಾನೇ ಎಲ್ಲರಿಗೂ ಹೇಳುತ್ತೇನೆ, ತೋಟದ ಕೆಲಸಕ್ಕೆ ಅದು ಬೇಕು. ಆದರೆ ಕೇಳದೆ ಫಾರಂನಲ್ಲಿ ಟಿಕ್ ಹಾಕಿ ದುಡ್ಡು ಕತ್ತರಿಸಬಾರದು. ಸಹಿ ಹಾಕುವ ಮುಂಚೆ ಫಾರಂ ಕನ್ನಡದಲ್ಲಿ ಓದಿಸಿಕೊಳ್ಳಿ. ಖಾತೆ ತೆರೆಯುವ ಫಾರಂ ಕನ್ನಡದಲ್ಲೂ ಇರಬೇಕು.

‘ನಿಮ್ಮೂರಿನ ಬ್ರಾಂಚಿಗೆ ಹೋಗಿ’ ಅನ್ನುವುದಕ್ಕೆ ಸರ್ವೀಸ್ ಏರಿಯಾ ಅಂತ ಕಾರಣ ಕೊಡುತ್ತಾರೆ. ಅದು 1989ರಲ್ಲಿ ಹಳ್ಳಿ ಸಾಲದ ಹಂಚಿಕೆಗೆ ಬಂದ ಪದ್ಧತಿ. ಉಳಿತಾಯ ಖಾತೆಗೆ ಅದನ್ನು ತಂದು ಅಂಟಿಸಬಾರದು.

ಒಂದು ವಿಷಯ ಮಾತ್ರ ಮೊದಲೇ ಅಮ್ಮನ ಹತ್ತಿರ ವಿಚಾರಿಸಿ. ಅದೇ ಬ್ಯಾಂಕಿನಲ್ಲಿ ಹಿಂದೆ ಯಾವಾಗಲಾದರೂ ಖಾತೆ ಮಾಡಿಸಿದ್ದರಾ? ನರೇಗಾ ಕೂಲಿಗೋ, ಸಂಘದ ಲೆಕ್ಕಕ್ಕೋ ಮಾಡಿಸಿ ಮರೆತಿರುತ್ತಾರೆ. ಒಂದೇ ಬ್ಯಾಂಕಿನಲ್ಲಿ ಬಿಎಸ್‌ಬಿಡಿ ಜೊತೆಗೆ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ಹಳೇ ಖಾತೆ ಇದ್ದರೆ ಹೊಸದು ಬೇಡ, ಅದಕ್ಕೇ ಮತ್ತೆ ಜೀವ ಕೊಡಿಸಿ. ಎರಡು ವರ್ಷ ಮುಟ್ಟದೆ ನಿಂತುಹೋದ ಖಾತೆಯನ್ನು ಮತ್ತೆ ಚಾಲೂ ಮಾಡಲು ಬ್ಯಾಂಕ್ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ.

ಅಮ್ಮನ ಹತ್ತಿರ ಗುರುತಿನ ಚೀಟಿಯೇ ಇಲ್ಲದಿದ್ದರೂ ‘ಸ್ಮಾಲ್ ಅಕೌಂಟ್’ ಅಂತ ಒಂದಿದೆ. ಫೋಟೋ ಕೊಟ್ಟು, ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಅದಕ್ಕೆ ಮಿತಿಗಳಿವೆ: ಖಾತೆಯಲ್ಲಿ 50,000ಕ್ಕಿಂತ ಜಾಸ್ತಿ ಇರಬಾರದು, ವರ್ಷಕ್ಕೆ ಒಂದು ಲಕ್ಷದ ಒಳಗೆ ಜಮಾ, ತಿಂಗಳಿಗೆ 10,000ದ ಒಳಗೆ ತೆಗೆಯುವುದು. ಹನ್ನೆರಡು ತಿಂಗಳು ನಡೆಯುತ್ತದೆ, ಚೀಟಿಗೆ ಅರ್ಜಿ ಹಾಕಿದ ಪುರಾವೆ ತೋರಿಸಿದರೆ ಇನ್ನೂ ಹನ್ನೆರಡು ತಿಂಗಳು. ಗೃಹಲಕ್ಷ್ಮಿಗೆ ಆಧಾರ್ ಬೇಕೇ ಬೇಕಾದ್ದರಿಂದ ನಿಮಗೆ ಇದರ ಅಗತ್ಯ ಬೀಳುವುದಿಲ್ಲ. ನಿಮ್ಮ ಹಾಗೇ ಹುಡುಕಿಕೊಂಡು ಬರುವ ಬೇರೆಯವರಿಗೆ ಇರಲಿ ಅಂತ ಬರೆದೆ.

ಅರ್ಜಿಗೆ ಸೀಲ್ ಹಾಕಲ್ಲ ಅಂದರೆ ವಾದ ಬೇಡ. ಅದೇ ಅರ್ಜಿಯನ್ನು ಬ್ರಾಂಚಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಒಂದು ನಕಲನ್ನು ಹಾಸನದಲ್ಲಿರುವ ಲೀಡ್ ಬ್ಯಾಂಕ್ ಮ್ಯಾನೇಜರ್ ಕಚೇರಿಗೆ ಕೊಡಿ. ಜಿಲ್ಲೆಯ ಬ್ಯಾಂಕುಗಳ ನಡುವೆ ಹೊಂದಾಣಿಕೆ ಮಾಡುವುದು ಅವರ ಕೆಲಸ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನಲ್ಲಿ ದೂರು ವಿಚಾರಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಅದಕ್ಕೆ ದುಡ್ಡಿಲ್ಲ, ವಕೀಲರೂ ಬೇಡ. ಹೇಗೆ ಕೊಡುವುದು ಅಂತ ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ. ಆದರೆ ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಟ್ಟಿರಬೇಕು. ಸೀಲ್ ಸೀಲ್ ಅಂತ ನಾನು ಬಡಿದುಕೊಳ್ಳುವುದು ಅದಕ್ಕೇ.

ಗೃಹಲಕ್ಷ್ಮಿ ದುಡ್ಡು ಅಲ್ಲಿಯವರೆಗೆ ನಿಲ್ಲುವುದು ಬೇಡ ಅಂದರೆ ಪೋಸ್ಟ್‌ಮ್ಯಾನ್ ಹತ್ತಿರ ಕೇಳಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆಯನ್ನು ಮನೆ ಬಾಗಿಲಲ್ಲೇ ಮಾಡಿಕೊಡುತ್ತಾರೆ, ಬ್ಯಾಲೆನ್ಸ್ ಇಡಬೇಕಾಗಿಲ್ಲ. ಅಲ್ಲಿಯೂ ಬೆರಳು ಕೇಳುತ್ತಾರೆ, ಅಮ್ಮನ ಬೆರಳು ಬರುತ್ತದಾ ನೋಡಿಕೊಳ್ಳಿ. ಇನ್ನೊಂದು ಎಚ್ಚರಿಕೆ: ಸರ್ಕಾರದ ದುಡ್ಡು ಆಧಾರ್‌ಗೆ ಕೊನೆಗೆ ಜೋಡಿಸಿದ ಖಾತೆಗೆ ಹೋಗುತ್ತದೆ. ನಮ್ಮ ಲೈನಿನಲ್ಲೇ ಒಬ್ಬರು ಹಳೇ ಬ್ಯಾಂಕಿಗೆ ತಿಂಗಳುಗಟ್ಟಲೆ ಅಲೆದರು. ದುಡ್ಡು ಪೋಸ್ಟ್ ಖಾತೆಯಲ್ಲಿ ಬೀಳುತ್ತಾ ಇತ್ತು. ಹಾಗೆಯೇ ಖಾತೆ ತೆರೆದ ಮಾತ್ರಕ್ಕೆ ಆಧಾರ್ ಜೋಡಣೆ ಆಗಿಬಿಡುವುದಿಲ್ಲ. ‘ಸಬ್ಸಿಡಿ ಈ ಖಾತೆಗೆ ಬರಬೇಕು, ಎನ್‌ಪಿಸಿಐ ಲಿಂಕ್ ಮಾಡಿ’ ಅಂತ ಅದೇ ದಿನ ಬೇರೆ ಒಪ್ಪಿಗೆ ಫಾರಂ ಕೊಡಿ. ಯಾವ ಆಧಾರ್‌ನ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅಂತ ಲೆಕ್ಕ ಇಡುವ ಸಂಸ್ಥೆಯೇ ಎನ್‌ಪಿಸಿಐ.

ಅಮ್ಮನನ್ನು ಜೊತೆಯಲ್ಲೇ ಕರೆದುಕೊಂಡು ಹೋಗಿ. ಆಧಾರ್, ವೋಟರ್ ಕಾರ್ಡ್, ಜಾಬ್ ಕಾರ್ಡ್ ಇದ್ದರೆ ಅದೂ, ಎರಡು ಫೋಟೋ, ಎರಡು ಪ್ರತಿ ಅರ್ಜಿ. ತಿಂಗಳ ಮೊದಲ ವಾರ ಪಿಂಚಣಿಯವರ ರಶ್ ಇರುತ್ತದೆ, ಅದು ಕಳೆದ ಮೇಲೆ ಬೆಳಗ್ಗೆ ಬಾಗಿಲು ತೆರೆದ ತಕ್ಷಣ ಹೋಗಿ. ಅರ್ಜಿ ಬರೆಯುವುದರಲ್ಲಿ ತೊಡಕಾದರೆ ಇಲ್ಲೇ ಕೇಳಿ, ಬರೆದುಕೊಡುತ್ತೇನೆ.