ನಮ್ಮ ಹೊಲದಲ್ಲಿ ತುಕ್ಕು ಹತ್ತದೆ ಉಳಿದ ಗೋಧಿಯ ತೆನೆ ಆರಿಸಿ ಬಿತ್ತುತ್ತ ಹೋದರೆ ರೋಗ ನಿರೋಧಕ ತಳಿ ಸಿಗುತ್ತದೆಯೇ?

ಅಫಜಲಪುರದ ಕಡೆ ಭೀಮಾ ನದಿಯ ನೀರಿನಲ್ಲಿ ಚಪಾತಿ ಗೋಧಿ ಬೆಳೆಯುವ ತಾವು, ತುಕ್ಕು ರೋಗ (ಶಿಲೀಂಧ್ರದಿಂದ ಎಲೆ, ಕಾಂಡಗಳ ಮೇಲೆ ತುಕ್ಕಿನ ಬಣ್ಣದ ಗುಳ್ಳೆ ಏಳುವ ರೋಗ) ಹತ್ತದ ಗಿಡಗಳ ಬೀಜವನ್ನಷ್ಟೇ ವರ್ಷವರ್ಷವೂ ಎತ್ತಿಟ್ಟು ಬಿತ್ತಿದರೆ ನಿರೋಧಕ ತಳಿಯಾಗುವುದೇ ಎಂದು ಕೇಳಿದ್ದೀರಿ. ನಾನು ಸಸ್ಯ ತಳಿ ಅಭಿವೃದ್ಧಿಯನ್ನು ಓದಿ ಕಲಬುರಗಿಯಲ್ಲಿ ಬೀಜೋತ್ಪಾದನೆಯ ಕೆಲಸದಲ್ಲಿದ್ದೇನೆ. ನನ್ನ ತಿಳಿವಳಿಕೆಯ ಪ್ರಕಾರ ಆ ದಾರಿಯಲ್ಲಿ ಫಲ ಸಿಗುವುದು ಬಹಳ ಕಷ್ಟ.

ಗೋಧಿ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆಯಾದ್ದರಿಂದ, ಒಂದು ಶುದ್ಧ ತಳಿಯ ಹೊಲದಲ್ಲಿರುವ ಗಿಡಗಳೆಲ್ಲ ವಂಶಗುಣದಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವುಗಳಲ್ಲಿ ಒಂದು ಗಿಡ ಹಸಿರಾಗಿ ಉಳಿದಿದ್ದರೆ ಅದರ ಮೇಲೆ ಬೀಜಾಣು (ಗಾಳಿಯಲ್ಲಿ ಹಾರಿ ಬಂದು ರೋಗ ಹರಡುವ ಶಿಲೀಂಧ್ರದ ಸೂಕ್ಷ್ಮ ಕಣ) ಬಿದ್ದಿಲ್ಲ, ಅಥವಾ ಬಿದ್ದರೂ ಮೊಳೆಯುವಷ್ಟು ಹೊತ್ತು ಎಲೆ ಒದ್ದೆಯಾಗಿರಲಿಲ್ಲ ಎಂದೇ ಸಾಮಾನ್ಯವಾಗಿ ತಿಳಿಯಬೇಕು. ಅದೃಷ್ಟದಿಂದ ಉಳಿದ ಗಿಡದ ಬೀಜ ಮುಂದಿನ ವರ್ಷ ಉಳಿದವುಗಳಂತೆಯೇ ರೋಗಕ್ಕೆ ತುತ್ತಾಗುತ್ತದೆ.

ರೋಗ ಪ್ರತಿ ವರ್ಷ ಬರುವುದೂ ಇಲ್ಲ. ನಮ್ಮ ಬೇಸಿಗೆಯನ್ನು ತುಕ್ಕಿನ ಶಿಲೀಂಧ್ರ ದಾಟಲಾರದು. ದಕ್ಷಿಣ ಮತ್ತು ಮಧ್ಯ ಭಾರತಕ್ಕೆ ಕರಿ (ಕಾಂಡದ) ಹಾಗೂ ಕಂದು (ಎಲೆಯ) ತುಕ್ಕು ನೀಲಗಿರಿ, ಪಳನಿ ಬೆಟ್ಟಗಳಿಂದ ಗಾಳಿಯಲ್ಲಿ ಬರುತ್ತದೆ ಎಂಬುದನ್ನು ಸಸ್ಯರೋಗ ವಿಜ್ಞಾನಿ ಕೆ. ಸಿ. ಮೆಹ್ತಾ ಅವರು ಕಳೆದ ಶತಮಾನದ ಮೊದಲಾರ್ಧದಲ್ಲೇ ತೋರಿಸಿಕೊಟ್ಟರು. ಬೀಜಾಣು ಬಾರದ ವರ್ಷದಲ್ಲಿ ಮಾಡಿದ ಆಯ್ಕೆ ಆಯ್ಕೆಯೇ ಅಲ್ಲ. ಆದುದರಿಂದಲೇ ತಳಿ ವಿಜ್ಞಾನಿಗಳು ಪರೀಕ್ಷೆಯ ಸಾಲುಗಳ ನಡುವೆ 'ಆಗ್ರಾ ಲೋಕಲ್'ನಂತಹ ಬೇಗ ರೋಗ ಹತ್ತುವ ಗೋಧಿಯನ್ನು ಬಿತ್ತಿ, ಬೀಜಾಣು ಸಿಂಪಡಿಸಿ, ರೋಗವನ್ನು ತಾವಾಗಿಯೇ ಬರಿಸುತ್ತಾರೆ. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಗೋಧಿ ಕೇಂದ್ರವಿರುವುದಕ್ಕೂ ಇದೇ ಕಾರಣ: ಅಲ್ಲಿ ರೋಗ ಸಹಜವಾಗಿಯೇ ಇರುತ್ತದೆ, ತಂಪಿರುವುದರಿಂದ ಬೇಸಿಗೆಯಲ್ಲೂ ಒಂದು ಪೀಳಿಗೆ ಬೆಳೆಯಬಹುದು.

ಇನ್ನು ಯಾವ ಗಿಡವನ್ನು ಆರಿಸಬೇಕು ಎಂಬ ಪ್ರಶ್ನೆ. ಒಂದೂ ಗುಳ್ಳೆಯಿಲ್ಲದ ಗಿಡವೇ ಉತ್ತಮವೆಂದು ಎಲ್ಲರಿಗೂ ಅನ್ನಿಸುತ್ತದೆ, ಆದರೆ ಅಂಥ ಪೂರ್ಣ ನಿರೋಧಕತೆ ಹಲವು ಬಾರಿ ಒಂದೇ ವಂಶವಾಹಿಯ ಮೇಲೆ ನಿಂತಿರುತ್ತದೆ. ಶಿಲೀಂಧ್ರ ಬದಲಾದ ದಿನ ಅದು ಒಮ್ಮೆಲೇ ಕುಸಿಯುತ್ತದೆ. ರೈ ಧಾನ್ಯದಿಂದ ಗೋಧಿಗೆ ತಂದ ಎಸ್‌ಆರ್ 31 ವಂಶವಾಹಿ ದಶಕಗಳ ಕಾಲ ಕರಿ ತುಕ್ಕನ್ನು ತಡೆದಿತ್ತು. 1998ರಲ್ಲಿ ಉಗಾಂಡದಲ್ಲಿ ಅದನ್ನು ಮೀರಿದ ತುಕ್ಕು ಕಂಡುಬಂದಿತು, ಅದೇ ಮುಂದೆ ಯುಜಿ 99 ಎಂದು ಹೆಸರಾಯಿತು. ಇದಕ್ಕೆ ಬದಲಾಗಿ ಎಲ್‌ಆರ್ 34, ಎಲ್‌ಆರ್ 46, ಎಸ್‌ಆರ್ 2ರಂತಹ ವಂಶವಾಹಿಗಳು ಬೆಳೆದ ಗಿಡದಲ್ಲಿ ರೋಗವನ್ನು ನಿಧಾನಗೊಳಿಸುತ್ತವೆ. ಗುಳ್ಳೆಗಳು ಬರುತ್ತವೆ, ಆದರೆ ಚಿಕ್ಕವಾಗಿ, ತಡವಾಗಿ, ಕಡಿಮೆ ಸಂಖ್ಯೆಯಲ್ಲಿ. ಇಂತಹ ನಾಲ್ಕೈದು ವಂಶವಾಹಿಗಳು ಒಂದೇ ಗಿಡದಲ್ಲಿ ಕೂಡಿದರೆ ರೋಗ ಬಹುತೇಕ ಕಾಣದಂತಾಗುತ್ತದೆ. ಎಲ್‌ಆರ್ 34 ಇರುವ ಗಿಡದ ಮೇಲೆಲೆಯ ತುದಿ ಒಣಗಿದಂತಿರುತ್ತದೆ. ಎಸ್‌ಆರ್ 2 ಇದ್ದರೆ ತೆನೆಯ ಹೊಟ್ಟಿನ ಮೇಲೆ ಕಪ್ಪು ಛಾಯೆ ಕಾಣಿಸಿಕೊಳ್ಳಬಹುದು. ಈ ಗುರುತುಗಳನ್ನೇ ರೋಗವೆಂದು ತಿಳಿದು ಕಿತ್ತೆಸೆದರೆ ಬೇಕಾದುದನ್ನೇ ಕಳೆದುಕೊಂಡಂತಾಗುತ್ತದೆ, ಇದು ನನಗೆ ಬಹಳ ಮುಖ್ಯವೆನಿಸುವ ಮಾತು.

ಈ ವಂಶವಾಹಿಗಳನ್ನು ಒಂದೇ ಗಿಡದಲ್ಲಿ ಕೂಡಿಸಲು ಸಂಕರಣ ಬೇಕು: ಒಂದು ತೆನೆಯ ಪರಾಗಕೋಶಗಳನ್ನು ಅವು ಹಸಿರಿರುವಾಗಲೇ ಚಿಮಟದಿಂದ ತೆಗೆದು, ಕಾಗದದ ಚೀಲ ಹೊದಿಸಿ, ಎರಡು ಮೂರು ದಿನಗಳ ಬಳಿಕ ಇನ್ನೊಂದು ತಳಿಯ ಪರಾಗ ಹಾಕಬೇಕು. ನಂತರ ಆರೇಳು ಪೀಳಿಗೆ ರೋಗದ ನಡುವೆಯೇ ಆಯ್ಕೆ ನಡೆಯಬೇಕು. ನಮ್ಮ ಜಿಲ್ಲೆಗೆ ಅಷ್ಟೂ ಸಾಲದು. ಚಳಿಗಾಲ ಚಿಕ್ಕದಾದ್ದರಿಂದ ಫೆಬ್ರುವರಿಯ ಬಿಸಿಲು ಏರುವ ಮೊದಲೇ ಕಾಳು ತುಂಬುವ ಗುಣವೂ ಬೇಕು.

ಸದ್ಯಕ್ಕೆ ತಾವು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಯುಎಎಸ್ 304ರಂತಹ ನೀರಾವರಿಯ ಚಪಾತಿ ಗೋಧಿಯ ಪ್ರಮಾಣಿತ ಬೀಜ ತಂದು ನವೆಂಬರ್ ಮೊದಲ ಹದಿನೈದು ದಿನಗಳಲ್ಲಿ ಬಿತ್ತಿರಿ. ಯೂರಿಯಾ ಹೆಚ್ಚು ಹಾಕಬೇಡಿ, ಏಕೆಂದರೆ ಸೊಕ್ಕಿ ದಟ್ಟವಾದ ಬೆಳೆಯಲ್ಲಿ ಇಬ್ಬನಿ ಬೇಗ ಆರುವುದಿಲ್ಲ. ಆದರೂ ಗುಳ್ಳೆ ಕಂಡು ಹರಡತೊಡಗಿದರೆ ಪ್ರೊಪಿಕೊನಜೋಲ್ 25 ಇಸಿ ಎಂಬ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ 1 ಮಿಲಿಯಂತೆ ಬೆರೆಸಿ ಸಿಂಪಡಿಸಬಹುದು.