ಡಿಟೆಕ್ಟರ್ ದತ್ತಾಂಶದಿಂದ ಫ್ರೀವೇಯ ವಾಹನ ಸಾಂದ್ರತೆಯನ್ನು ಅಂದಾಜಿಸುವುದು ಹೇಗೆ?

ಸಾಂದ್ರತೆಯೆಂದರೆ ಒಂದು ಕ್ಷಣದಲ್ಲಿ ಒಂದು ಕಿಲೋಮೀಟರ್ ಉದ್ದದ ಪಥದಲ್ಲಿ (ಲೇನ್‌ನಲ್ಲಿ) ಇರುವ ವಾಹನಗಳ ಸಂಖ್ಯೆ. ಡಿಟೆಕ್ಟರ್, ಅಂದರೆ ವಾಹನಗಳನ್ನು ಗುರುತಿಸುವ ಸಾಧನ, ಗಮನಿಸುವುದು ರಸ್ತೆಯ ಒಂದೇ ಬಿಂದುವನ್ನಾದ್ದರಿಂದ ಸಾಂದ್ರತೆಯನ್ನು ನೇರವಾಗಿ ಅಳೆಯಲಾಗದು, ಲೆಕ್ಕ ಹಾಕಿಯೇ ಪಡೆಯಬೇಕು. ಕ್ಯಾಲಿಫೋರ್ನಿಯಾದ ಫ್ರೀವೇಗಳಲ್ಲಿ ರಸ್ತೆಯೊಳಗೆ ಹುದುಗಿಸಿದ ತಂತಿಸುರುಳಿಗಳು 30 ಸೆಕೆಂಡಿಗೊಮ್ಮೆ ಎರಡು ಮೌಲ್ಯಗಳನ್ನು ಕೊಡುತ್ತವೆ: ದಾಟಿದ ವಾಹನಗಳ ಎಣಿಕೆ, ಮತ್ತು ಸುರುಳಿಯ ಮೇಲೆ ವಾಹನವಿದ್ದ ಸಮಯದ ಪಾಲು, ಅಂದರೆ ಆಕ್ಯುಪೆನ್ಸಿ. ಈ ಪಾಲನ್ನು ವಾಹನದ ಸರಾಸರಿ ಉದ್ದ ಹಾಗೂ ಸುರುಳಿಯ ಉದ್ದಗಳ ಮೊತ್ತದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಆ ಮೊತ್ತ 6 ಮೀಟರ್, ಆಕ್ಯುಪೆನ್ಸಿ ಶೇ. 12 ಆಗಿದ್ದರೆ ಕಿಲೋಮೀಟರಿಗೆ 20 ವಾಹನಗಳು.

ತೊಡಕಿರುವುದು ಆ 6 ಮೀಟರಿನಲ್ಲೇ. ಲಾರಿಗಳ ಪಾಲು ಹೆಚ್ಚಿದ ವೇಳೆಯಲ್ಲಿ ಸರಾಸರಿ ಉದ್ದವೂ ಹೆಚ್ಚುತ್ತದೆ, ಸುರುಳಿಯ ಸೂಕ್ಷ್ಮತೆಯೂ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಹೀಗಿರುವಾಗ ಎಲ್ಲ ಕಡೆಗೂ ಒಂದೇ ಸ್ಥಿರಾಂಕವನ್ನು ಹಿಡಿಯುವುದು ಸರಿಯಲ್ಲವೆಂದೇ ನನ್ನ ಖಚಿತ ಅಭಿಪ್ರಾಯ. ವಾಹನಗಳು ಅಡೆತಡೆಯಿಲ್ಲದೆ ಓಡುವಾಗಿನ ವೇಗವನ್ನು ಆಧರಿಸಿ, ಪ್ರತಿ ಪಥಕ್ಕೂ ದಿನದ ವೇಳೆಗೂ ತಕ್ಕಂತೆ ಅದನ್ನು ಹೊಂದಿಸಿಕೊಳ್ಳಬೇಕು.

ಒಂದರ ಮುಂದೊಂದು ಜೋಡಿ ಸುರುಳಿಗಳಿದ್ದಲ್ಲಿ, ಅವುಗಳ ನಡುವಿನ ದೂರವನ್ನು ದಾಟಲು ಹಿಡಿದ ಸಮಯದಿಂದ ವೇಗವೇ ಸಿಗುವುದರಿಂದ ಗಂಟೆಯ ಹರಿವನ್ನು ವೇಗದಿಂದ ಭಾಗಿಸಿದರೆ ಸಾಕು. ಆದರೆ ಅಲ್ಲಿ ಬಳಸಬೇಕಾದದ್ದು ವೇಗಗಳ ಹರಾತ್ಮಕ ಸರಾಸರಿ, ಅಂದರೆ ವೇಗಗಳ ವಿಲೋಮಗಳ (1/ವೇಗ) ಸರಾಸರಿಯ ವಿಲೋಮ. ಸಾಮಾನ್ಯ ಸರಾಸರಿಯನ್ನು ಬಳಸಿದರೆ, ವೇಗಗಳು ತೀರಾ ಏರುಪೇರಾಗುವ ದಟ್ಟಣೆಯಲ್ಲಿ ಸಾಂದ್ರತೆ ನಿಜಕ್ಕಿಂತ ಕಡಿಮೆ ಬರುತ್ತದೆ.