ಕರ್ನಾಟಕದ ಸಾರ್ವಕಾಲಿಕ ತಂಡದಲ್ಲಿ ಮೂವರು ಸ್ಪಿನ್ನರ್‌ಗಳೇಕೆ?

ಪ್ರಶ್ನೆ: ಕರ್ನಾಟಕದ ಸಾರ್ವಕಾಲಿಕ ಶ್ರೇಷ್ಠ ಕ್ರಿಕೆಟ್ ತಂಡವನ್ನು ಆರಿಸುವುದಾದರೆ ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಮೂವರಿಗೂ ಜಾಗವಿದೆಯೇ? ಇಬ್ಬರು ಲೆಗ್‌ಸ್ಪಿನ್ನರ್‌ಗಳಾದರೆ ಒಬ್ಬರು ಹೆಚ್ಚಾಗುವುದಿಲ್ಲವೇ?
– ಶಿವಮೊಗ್ಗದ ಓದುಗರು

ಉತ್ತರ: ಮೂವರಿಗೂ ಜಾಗವಿದೆ. ಚಂದ್ರಶೇಖರ್ ಮತ್ತು ಕುಂಬ್ಳೆ ಇಬ್ಬರನ್ನೂ ಲೆಗ್‌ಸ್ಪಿನ್ನರ್ ಎಂದು ಕರೆಯುವುದು ರೂಢಿಯಾದರೂ ಬೌಲಿಂಗಿನಲ್ಲಿ ಅವರಿಗೆ ಹೋಲಿಕೆ ಕಡಿಮೆ. ಪೋಲಿಯೊದಿಂದ ಸೊರಗಿದ ಬಲಗೈಯಿಂದ ಚಂದ್ರ ಎಸೆಯುತ್ತಿದ್ದ ವೇಗದ ಗೂಗ್ಲಿ (ಲೆಗ್‌ಸ್ಪಿನ್ನಿನಂತೆ ಕಂಡರೂ ಎದುರು ದಿಕ್ಕಿಗೆ ತಿರುಗುವ ಚೆಂಡು) ಯಾವ ಕ್ಷಣದಲ್ಲಿ ಏನು ಮಾಡುತ್ತದೆಂದು ಹೇಳುವಂತಿರಲಿಲ್ಲ; 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದು ಆ ಅನಿಶ್ಚಿತತೆಯೇ. ಕುಂಬ್ಳೆಯದು ಇದಕ್ಕೆ ತದ್ವಿರುದ್ಧ ದಾರಿ: ದಿನವಿಡೀ ಒಂದೇ ಜಾಗಕ್ಕೆ ಚೆಂಡು ಹಾಕಿ, ಪುಟಿತ ಮತ್ತು ವೇಗದಿಂದಲೇ ಬ್ಯಾಟ್ಸ್‌ಮನ್ನನ ತಾಳ್ಮೆ ಕೆಡಿಸಿ ಗಳಿಸಿದ 619 ಟೆಸ್ಟ್ ವಿಕೆಟ್‌ಗಳು ಅವರವು. ಇನ್ನು ಪ್ರಸನ್ನ ಚೆಂಡನ್ನು ಗಾಳಿಯಲ್ಲಿ ತೇಲಿಸಿ ಮೋಸಗೊಳಿಸುವ ಆಫ್‌ಸ್ಪಿನ್ನರ್. 1973-74ರ ರಣಜಿ ಸೆಮಿಫೈನಲ್‌ನಲ್ಲಿ, ಸತತ 15 ಬಾರಿ ಟ್ರೋಫಿ ಗೆದ್ದಿದ್ದ ಬಾಂಬೆಯ ಎದುರು, ಗಾವಸ್ಕರ್ ಬೌಲ್ಡ್ ಆದದ್ದು ಅವರ ಚೆಂಡಿಗೇ.

ನಿಜವಾದ ತೊಡಕಿರುವುದು ಬ್ಯಾಟಿಂಗಿನ ಆಳದಲ್ಲಿ, ಏಕೆಂದರೆ ಚಂದ್ರಶೇಖರ್ ಟೆಸ್ಟ್‌ಗಳಲ್ಲಿ ಗಳಿಸಿದ ರನ್ನು (167) ಅವರ ವಿಕೆಟ್‌ಗಳಿಗಿಂತ (242) ಕಡಿಮೆ! ಈ ತೊಡಕನ್ನು ಬಿಡಿಸುವವರು ರೋಜರ್ ಬಿನ್ನಿ. 1977-78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ಸಂಜಯ್ ದೇಸಾಯಿ ಜೊತೆ ಮೊದಲ ವಿಕೆಟ್ಟಿಗೆ ಮುರಿಯದ 451 ರನ್ ಸೇರಿಸಿದ ಬ್ಯಾಟ್ಸ್‌ಮನ್, 1983ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 18 ವಿಕೆಟ್ ಪಡೆದ ಬೌಲರ್ ಕೂಡ ಹೌದು. ಆರನೆಯ ಕ್ರಮಾಂಕದಲ್ಲಿ ಅವರನ್ನಿಟ್ಟು ಶ್ರೀನಾಥ್ ಜೊತೆ ಹೊಸ ಚೆಂಡನ್ನೂ ಕೊಟ್ಟರೆ ಮೂರನೆಯ ಸ್ಪಿನ್ನರ್‌ಗೆ ಜಾಗ ತಾನಾಗಿ ಸಿಗುತ್ತದೆ. ಓವಲ್‌ನಲ್ಲಿ ಟೆಸ್ಟ್ ಶತಕ ಹೊಡೆದ ಕುಂಬ್ಳೆ ಎಂಟನೆಯ ಕ್ರಮಾಂಕಕ್ಕೆ ಸಾಕು.

ಹಾಗಾಗಿ ನನ್ನ ತಂಡ: ಕೆ.ಎಲ್. ರಾಹುಲ್, ಮಯಂಕ್ ಅಗರವಾಲ್, ದ್ರಾವಿಡ್, ವಿಶ್ವನಾಥ್, ಬ್ರಿಜೇಶ್ ಪಟೇಲ್, ಬಿನ್ನಿ, ಕಿರ್ಮಾನಿ, ಕುಂಬ್ಳೆ, ಶ್ರೀನಾಥ್, ಪ್ರಸನ್ನ, ಚಂದ್ರಶೇಖರ್.

ಪ್ರಶ್ನೆ: ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಕರುಣ್ ನಾಯರ್ ಅವರನ್ನು ಬಿಟ್ಟು ಬ್ರಿಜೇಶ್ ಪಟೇಲ್ ಅವರನ್ನು ಆರಿಸುವವರಿದ್ದಾರೆ. ಇದು ಹಳಬರ ಮೇಲಿನ ಮೋಹವಲ್ಲವೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಸ್ವಲ್ಪ ಮಟ್ಟಿಗೆ ಹೌದೆನ್ನಬೇಕು. 2014-15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ಕರುಣ್ ಬಾರಿಸಿದ 328 ರನ್ನುಗಳನ್ನು ಕಡೆಗಣಿಸುವುದು ಕಷ್ಟ. ಆದರೂ ಬಾಂಬೆಯ ಏಕಸ್ವಾಮ್ಯ ಮುರಿದ ಆ ಸೆಮಿಫೈನಲ್‌ನಲ್ಲಿ ವಿಶ್ವನಾಥ್ ಅವರ 162ರ ಜೊತೆಗೆ ಬ್ರಿಜೇಶ್ ಹೊಡೆದ 106 ನನಗೆ ಹೆಚ್ಚು ತೂಕದ್ದೆನಿಸುತ್ತದೆ, ಏಕೆಂದರೆ ಅಲ್ಲಿಯವರೆಗೆ ಈ ರಾಜ್ಯ ರಣಜಿ ಟ್ರೋಫಿಯನ್ನು ಒಮ್ಮೆಯೂ ಗೆದ್ದಿರಲಿಲ್ಲ.

ಪ್ರಶ್ನೆ: ನಮ್ಮೂರಿನ ವಿನಯ್ ಕುಮಾರ್‌ಗೆ ಅನ್ಯಾಯ ಮಾಡುವುದಿಲ್ಲ ತಾನೇ?
– ದಾವಣಗೆರೆಯ ಓದುಗರು

ಉತ್ತರ: 2014-15ರ ಅದೇ ಫೈನಲ್‌ನಲ್ಲಿ ನಾಯಕನಾಗಿ ಐದು ವಿಕೆಟ್ ಮತ್ತು ಶತಕ ಎರಡನ್ನೂ ಗಳಿಸಿದವರನ್ನು ಹೊರಗಿಡಲು ಕೈ ಬರುವುದಿಲ್ಲ. ವೇಗದ ಬೌಲರ್‌ಗಳಿಗೆ ನೆರವಾಗುವಂತೆ ಪಿಚ್ ಹಸಿರಾಗಿದ್ದರೆ ಚಂದ್ರ ಹೊರಗೆ, ವಿನಯ್ ಒಳಗೆ; ಬೆಂಗಳೂರಿನ ಒಣ ಪಿಚ್ಚಾದರೆ ವಿನಯ್ ಹನ್ನೆರಡನೆಯವರು. ನಾಯಕತ್ವ ಮಾತ್ರ 1973-74ರಲ್ಲಿ ಮೊದಲ ಟ್ರೋಫಿ ತಂದ ಪ್ರಸನ್ನ ಅವರದೇ.